ಎಡಗಡೆಯ ಸಮುದ್ರ

ಅಪ್ಪನಿಗೆ ಒಂದು ಪುಟ ಹಿಡಿಸದಿದ್ದರೆ ಅವನು "ಚೆನ್ನಾಗಿಲ್ಲ" ಅನ್ನುತ್ತಿರಲಿಲ್ಲ, "ಕಾಣಿಸ್ತಿಲ್ಲ" ಅನ್ನುತ್ತಿದ್ದ. ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುತ್ತಾ ಕೆಲಸ ಕಲಿತವನು. ಮೊಳೆ ಹೋಗಿ ಕಂಪ್ಯೂಟರ್ ಬಂದಾಗ ಅದರ ಮುಂದೆಯೂ ಕೂತು ಪುಟ ಕಟ್ಟಿ, ಮೂವತ್ತೆಂಟು ವರ್ಷ ಮುಗಿಸಿ ನಿವೃತ್ತನಾದ. ತಲೆಬರಹ ಮಂಕಾಗಿದ್ದರೆ, ಎರಡು ಕಾಲಮ್ಮಿನ ನಡುವೆ ಜಾಗ ಸಾಲದಿದ್ದರೆ, ಚಿತ್ರ ತಪ್ಪು ಮೂಲೆಯಲ್ಲಿ ಕೂತಿದ್ದರೆ, ಎಲ್ಲಕ್ಕೂ ಅವನದು ಅದೊಂದೇ ಮಾತು. ಕಣ್ಣಿಗೆ ರಾಚುವ ಹಾಗೆ ಎದುರಿಗೇ ಇದ್ದರೂ "ಕಾಣಿಸ್ತಿಲ್ಲ." ಅವನ ಕೈಕೆಳಗೆ ಇದ್ದವರೆಲ್ಲ ಆ ಮಾತು ಕೇಳಿದ ಕೂಡಲೇ ತೆಪ್ಪಗೆ ಪುಟ ಬಿಚ್ಚಿ ಮತ್ತೆ ಕಟ್ಟುತ್ತಿದ್ದರಂತೆ. ಅಂಚಿನ ಅಳತೆಗೆ ಅಷ್ಟು ಜೀವ ಬಿಡುತ್ತಾನೆಂದು ಅಲ್ಲಿ ಅವನಿಗೆ ಅಂಚಪ್ಪ ಎಂದೇ ಹೆಸರು ಬಿದ್ದಿತ್ತು.

ಇದನ್ನು ಮೊದಲೇ ಹೇಳಬೇಕಾಯಿತು. ಮುಂದೆ ಆದದ್ದಕ್ಕೆಲ್ಲ ಆ ಒಂದು ಮಾತೇ ಮೂಲ ಎಂದು ಅವನ ಮಗಳು ಇವತ್ತಿಗೂ ನಂಬಿದ್ದಾಳೆ.

ಮಗಳಿಗೆ ಮೂವತ್ತಮೂರು ತುಂಬಿತ್ತು, ಆದರೂ ಮನೆಯಲ್ಲಿ ಪುಟ್ಟಿಯೇ. ಅವಳು ಕೆಲಸ ಮಾಡುತ್ತಿದ್ದುದು ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ. ದಿನವಿಡೀ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅಕ್ಕಿಕಾಳಿಗಿಂತ ಸಣ್ಣ ಬಿಡಿಭಾಗಗಳನ್ನು ಬೆಸುಗೆ ಹಾಕುವ ಕೆಲಸ. ಆ ಅಂಗಡಿಗೆ ಯಾರೋ ರಿಪೇರಿಗೆಂದು ಕೊಟ್ಟು, ಮತ್ತೆ ಬಂದು ಕೇಳದೆ ಹೋದ ಒಂದು ಹಳೆಯ ಆಟದ ಯಂತ್ರವಿತ್ತು. ಪುಸ್ತಕದ ಹಾಗೆ ಮಡಚುವಂಥದ್ದು. ತೆರೆದರೆ ಮೇಲೊಂದು ಪರದೆ, ಕೆಳಗೊಂದು ಪರದೆ. ಮೇಲಿನದನ್ನು ನೋಡುವುದು, ಕೆಳಗಿನದನ್ನು ಒಂದು ಪ್ಲಾಸ್ಟಿಕ್ ಕಡ್ಡಿಯಿಂದ ಮುಟ್ಟಿ ಆಡುವುದು. ಎರಡು ವರ್ಷ ಡ್ರಾಯರಿನಲ್ಲಿ ಬಿದ್ದಿದ್ದ ಅದನ್ನು ಪುಟ್ಟಿ ಮಾಲೀಕನಿಗೆ ಹೇಳಿ ಮನೆಗೆ ತಂದಳು, ಸರಿಮಾಡಿದಳು, ಹೊಟ್ಟೆಯೊಳಗೆ ಒಂದು ಸಣ್ಣ ಬೋರ್ಡ್ ಕೂರಿಸಿ ಎರಡೂ ಪರದೆಗಳ ಚಿತ್ರ ಕಂಪ್ಯೂಟರಿನಲ್ಲಿ ಮೂಡುವಂತೆ ಮಾಡಿದಳು. ಆಮೇಲೆ ಪ್ರತಿ ಭಾನುವಾರ ಆಡಿದ್ದನ್ನು ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಹಾಕತೊಡಗಿದಳು.

ಆಟ ಒಂದು ಅಂಚೆ ಹಡಗಿನದು. ಮೂವತ್ತೆರಡು ದ್ವೀಪಗಳಿಗೆ ಕಾಗದ ಮುಟ್ಟಿಸಬೇಕು. ಮೇಲಿನ ಪರದೆಯಲ್ಲಿ ಸಮುದ್ರ, ಕೆಳಗಿನದರಲ್ಲಿ ನಕ್ಷೆ. ನಕ್ಷೆಯ ಮೇಲೆ ಕಡ್ಡಿಯಿಂದ ಗೆರೆ ಎಳೆದರೆ ಹಡಗು ಆ ಗೆರೆ ಹಿಡಿದು ಸಾಗುತ್ತದೆ. ನೋಡುವವರು ಹೆಚ್ಚೇನಿಲ್ಲ, ಒಂದು ನಾನೂರು ಜನ. ಅವರಲ್ಲಿ ಅರ್ಧ ಜನ ಆಟಕ್ಕಲ್ಲ, ಅಪ್ಪನ ಮಾತಿಗೆ ಬರುವವರು. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, "ಆ ದ್ವೀಪದೋನಿಗೆ ಕೊಡಬೇಡ, ಹೋದ ಸಲ ಒಂದು ಥ್ಯಾಂಕ್ಸೂ ಹೇಳ್ಲಿಲ್ಲ" ಎಂದೆಲ್ಲ ಗೊಣಗುತ್ತಿದ್ದ. ಒಂದು ವಾರ ಅವನಿಗೆ ನೆಗಡಿಯಾಗಿ ಮಾತಾಡದಿದ್ದರೆ ಕೆಳಗೆ ಹತ್ತು ಜನ "ಅಜ್ಜ ಎಲ್ಲಿ?" ಎಂದು ಬರೆಯುತ್ತಿದ್ದರು.

ಆದರೆ ಅಪ್ಪನಿಗೆ ನಿಜವಾದ ರುಚಿ ಇದ್ದದ್ದು ಆಟದಲ್ಲಲ್ಲ, ಆಟ ಶುರುವಾಗುವ ಮುಂಚಿನ ಹತ್ತು ನಿಮಿಷದಲ್ಲಿ. ಎರಡು ಪರದೆಗಳನ್ನು ಒಂದು ಚೌಕಟ್ಟಿನಲ್ಲಿ ಹೇಗೆ ಕೂರಿಸುವುದು? ಯಂತ್ರದಲ್ಲಿರುವಂತೆ ಒಂದರ ಮೇಲೊಂದು ಇಟ್ಟರೆ ಚಿತ್ರ ಸಣ್ಣದಾಗಿ ಎರಡೂ ಪಕ್ಕ ಕಪ್ಪು ಉಳಿಯುತ್ತದೆ. ಪಕ್ಕಪಕ್ಕ ಇಟ್ಟರೆ ಮೇಲೆ ಕೆಳಗೆ ಖಾಲಿ. ಒಂದನ್ನು ದೊಡ್ಡದು ಮಾಡಿ ಇನ್ನೊಂದನ್ನು ಮೂಲೆಗೆ ತಳ್ಳಿದರೆ ಚೆಂದ ಕಾಣುತ್ತದೆ, ಆದರೆ ಮೂಲೆಯದರ ಅಕ್ಷರ ಓದಲಾಗುವುದಿಲ್ಲ. ಇದರ ಮೇಲೆ ಅಪ್ಪ ಮಗಳ ವಾದ ಅಡುಗೆಮನೆಯವರೆಗೂ ಕೇಳುತ್ತಿತ್ತು. "ಎರಡು ಚೌಕ ಜೋಡಿಸೋಕೆ ಇಬ್ಬರು ಪಂಡಿತರು ಬೇಕಾ?" ಎಂದು ಅಮ್ಮ ಅಲ್ಲಿಂದಲೇ ಕೂಗುತ್ತಿದ್ದಳು.

ಆ ಭಾನುವಾರ ಇಪ್ಪತ್ತಮೂರನೆಯ ದ್ವೀಪ. ಸುಳಿಗಳ ನಡುವೆ ಹಡಗು ದಾಟಿಸಬೇಕು. ಮೇಲೆ ಸುಳಿ ಎಲ್ಲಿ ಏಳುತ್ತದೆಂದು ನೋಡುತ್ತಲೇ ಕೆಳಗೆ ಗೆರೆ ಎಳೆಯಬೇಕು. ಎರಡೂ ಪರದೆ ಸರಿಸಮಾನ ಮುಖ್ಯ.

"ಮೂಲೆಗೆ ತಳ್ಳೋದು ಇವತ್ತು ನಡೆಯಲ್ಲ," ಎಂದ ಅಪ್ಪ. "ಪಕ್ಕಪಕ್ಕ ಕೂರಿಸು. ಎರಡು ಕಾಲಮ್ಮಿನ ಪುಟ ಅಂದ್ಕೋ."

"ಸಮುದ್ರ ಎಡಕ್ಕಾ, ಬಲಕ್ಕಾ?"

"ಓದೋನ ಕಣ್ಣು ಮೊದಲು ಹೋಗೋದೇ ಎಡಕ್ಕೆ. ಸಮುದ್ರ ಎಡಕ್ಕಿರಲಿ. ನೋಡ್ತಾನೆ, ಆಮೇಲೆ ಬಲಕ್ಕೆ ಬಂದು ಗೆರೆ ಎಳೀತಾನೆ. ಕಣ್ಣಿಗೆ ದಾರಿ ಸಲೀಸು."

ಪುಟ್ಟಿ ಹಾಗೇ ಮಾಡಿದಳು. ಬಾಗಿಲು ಹಾಕಿಕೊಂಡು, ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ರೆಕಾರ್ಡಿಂಗ್ ಒತ್ತಿದಳು. ಕಾಲು ಗಂಟೆ ಎಂದಿನಂತೆ ನಡೆಯಿತು. ಅಪ್ಪ ತಮಾಷೆ ಮಾಡಿದ, ಒಂದು ಸುಳಿಯಲ್ಲಿ ಹಡಗು ಮುಳುಗಿದಾಗ ಹೊಟ್ಟೆ ಹಿಡಿದು ನಕ್ಕ. ಆಮೇಲೆ, "ಪುಟ್ಟೀ, ಸಮುದ್ರ ಕಾಣಿಸ್ತಿಲ್ಲ," ಎಂದ.

"ನೀನೇ ತಾನೇ ಎಡಕ್ಕೆ ಹಾಕು ಅಂದಿದ್ದು?" ಎಂದು ನಗುತ್ತಾ ಪುಟ್ಟಿ ಆಟ ನಿಲ್ಲಿಸಿದಳು. ರೆಕಾರ್ಡಿಂಗ್ ಓಡುತ್ತಲೇ ಇತ್ತು. ಬೇಡದ್ದನ್ನು ಆಮೇಲೆ ಕತ್ತರಿಸಿದರಾಯಿತು ಎಂಬುದು ಅವಳ ರೂಢಿ. ಸಮುದ್ರವನ್ನು ಕೊಂಚ ದೊಡ್ಡದು ಮಾಡಿದಳು. "ಈಗ?"

"ಇಲ್ಲ."

ಬೆಳಕು ಹೆಚ್ಚಿಸಿದಳು. ಸುತ್ತ ಬಿಳಿ ಗೆರೆ ಹಾಕಿದಳು. ಎರಡರ ನಡುವೆ ಜಾಗ ಬಿಟ್ಟಳು. ಪ್ರತಿ ಸಲವೂ ಅಪ್ಪ ತಲೆಯಾಡಿಸಿದ. ಕಡೆಗೆ ಸಮುದ್ರವನ್ನು ಬಲಕ್ಕೂ ನಕ್ಷೆಯನ್ನು ಎಡಕ್ಕೂ ಅದಲುಬದಲು ಮಾಡಿದಳು.

"ಹಾಂ, ಸಮುದ್ರ ಬಂತು. ಈಗ ನಕ್ಷೆ ಕಾಣಿಸ್ತಿಲ್ಲ."

"ಅಂಚಪ್ಪನೋರೇ, ಇವತ್ತು ನನ್ನ ಪರೀಕ್ಷೆ ಇಟ್ಟಿದೀರಾ?"

ಅಪ್ಪ ನಕ್ಕ. ನಗು ಸ್ವಲ್ಪ ತಡವಾಗಿ ಬಂತು. ಪುಟ್ಟಿಗೆ ಅದು ಹೊಳೆಯಲಿಲ್ಲ. ಅವಳು ಪರದೆ ನೋಡುತ್ತಿದ್ದಳು, ಅಪ್ಪನ ಮುಖವನ್ನಲ್ಲ. ಅವಳಿಗೆ ಹಟ ಬಂದಿತ್ತು. ಅಚ್ಚುಕೂಟದ ಅಷ್ಟು ಜನ ಇವನ "ಕಾಣಿಸ್ತಿಲ್ಲ"ವನ್ನು ದಾಟಿ ಬಂದಿದ್ದರೆ ತಾನು ದಾಟದಿರುತ್ತೇನೆಯೇ ಎಂದು ಒಂದೊಂದೇ ಬಗೆಯಲ್ಲಿ ಚೌಕಗಳನ್ನು ಸರಿಸಿ, ಹಿಗ್ಗಿಸಿ, ಕುಗ್ಗಿಸಿ ನೋಡಿದಳು. ಕಡೆಗೆ ಬೇಸತ್ತು, ಯಂತ್ರದಲ್ಲಿರುವಂತೆ ಒಂದರ ಮೇಲೊಂದು ಇಟ್ಟಳು.

"ಹಾಂ! ಈಗ ಎರಡೂ ಇವೆ," ಎಂದ ಅಪ್ಪ.

ಪುಟ್ಟಿಗೆ ಪರೀಕ್ಷೆ ಪಾಸಾದಷ್ಟು ಖುಷಿಯಾಯಿತು. "ಇಷ್ಟು ಹೇಳೋಕೆ ಇಷ್ಟು ಹೊತ್ತಾ ಅಪ್ಪಾ?" ಎಂದು ಮತ್ತೆ ಆಟ ಶುರುಮಾಡಿದಳು. ಅಪ್ಪ ಆಗೊಮ್ಮೆ ಈಗೊಮ್ಮೆ ಹೂಂಗುಟ್ಟಿದ. ಸುಳಿಗಳೆಲ್ಲ ದಾಟಿ ಹಡಗು ದಡ ಸೇರುವ ಹೊತ್ತಿಗೆ ಅಮ್ಮ ಚಹಾ ತಂದಳು. ಅಪ್ಪನ ಎಡಗಡೆ ನಿಂತು ಲೋಟ ಚಾಚಿದಳು. ಅವನು ತಿರುಗಲಿಲ್ಲ.

"ರೀ, ಚಹಾ ತಗೊಳ್ಳಿ." ಅವನು ಪರದೆಯನ್ನೇ ನೋಡುತ್ತಿದ್ದ. "ರೀ?"

ಅಮ್ಮ ಬಗ್ಗಿ ಅವನ ಮುಖ ನೋಡಿದಳು. ಬಾಯಿಯ ಒಂದು ಕೊನೆ ಜೋತುಬಿದ್ದಿತ್ತು. ಎಡಗೈ ತೊಡೆಯ ಮೇಲೆ ಯಾರದೋ ಕೈಯಂತೆ ಬಿದ್ದಿತ್ತು. ಲೋಟ ಅಮ್ಮನ ಕೈಯಿಂದ ಜಾರಿತು.

ಆಸ್ಪತ್ರೆಯಲ್ಲಿ ಅಮ್ಮ ಹೊರಗಿನ ಕೌಂಟರಿನಲ್ಲಿ ಫಾರಂ ತುಂಬುತ್ತಿದ್ದಾಗ ಡಾಕ್ಟರು ಪುಟ್ಟಿಯನ್ನು ಒಳಗೆ ಕರೆದರು. ಪುಟ್ಟಿಗಿಂತ ಚಿಕ್ಕ ವಯಸ್ಸಿನ ಹೆಂಗಸು.

"ಮೆದುಳಿಗೆ ರಕ್ತ ಹೋಗೋ ನಾಳ ಕಟ್ಟಿಕೊಂಡಿದೆ. ಯಾವಾಗ ಶುರುವಾಯ್ತು? ಅಂದಾಜು ಬೇಡ, ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ಔಷಧಿ ಕೊಡೋದು ಅದರ ಮೇಲೇ ನಿಂತಿದೆ."

ಪುಟ್ಟಿಗೆ ಆಗ ಅರ್ಥವಾಯಿತು. "ಹತ್ತು ಮೂವತ್ತೈದಕ್ಕೆ," ಎಂದಳು.

"ಅಷ್ಟು ನಿಖರವಾಗಿ?"

"ರೆಕಾರ್ಡ್ ಆಗಿದೆ. ನಾನು... ನಮ್ಮಪ್ಪ ತಮಾಷೆ ಮಾಡ್ತಿದ್ದಾನೆ ಅಂದ್ಕೊಂಡೆ."

ಡಾಕ್ಟರು ಬರೆದುಕೊಂಡರು. ಔಷಧಿ ಕೊಟ್ಟ ಮೇಲೆ, ಸಂಜೆ, ಪುಟ್ಟಿಯೇ ಹಿಂದೆ ಬಿದ್ದು ಕೇಳಿದಾಗ ಮಾತ್ರ, "ಇಂಥದ್ರಲ್ಲಿ ಬೇಗ ಬಂದಷ್ಟೂ ಒಳ್ಳೇದು. ಎಷ್ಟು ಒಳ್ಳೇದಾಗ್ತಿತ್ತು ಅಂತ ಯಾರೂ ಹೇಳೋಕಾಗಲ್ಲ," ಎಂದರು. ಮುಖದಲ್ಲಿ ಕನಿಕರವಿತ್ತು. ಪುಟ್ಟಿಗೆ ಬೈಗುಳವಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅಮ್ಮನಿಗೆ ಗೊತ್ತಿದ್ದ ಕಥೆ ಬೇರೆ. ತಾನು ಚಹಾ ತಂದ ಗಳಿಗೆಯಲ್ಲೇ ಅದಾಯಿತೆಂದು ಅವಳು ತಿಳಿದಿದ್ದಳು. ನೋಡಲು ಬಂದವರಿಗೆಲ್ಲ, "ಕಂಡ ಕೂಡಲೇ ಹೊರಟ್ವಿ. ಒಂದೇ ಒಂದು ನಿಮಿಷ ತಡ ಮಾಡ್ಲಿಲ್ಲ," ಎನ್ನುತ್ತಿದ್ದಳು. ಹಾಗೆನ್ನುವಾಗ ಅವಳ ಕುಗ್ಗಿದ ಬೆನ್ನು ಕೊಂಚ ನೆಟ್ಟಗಾಗುತ್ತಿತ್ತು. ಪುಟ್ಟಿ ಮೊದಲ ದಿನ ಹೇಳಲಿಲ್ಲ, ಅಮ್ಮ ಅಳುತ್ತಿದ್ದಳು. ಎರಡನೆಯ ದಿನ ಚಿಕ್ಕಮ್ಮ ಬಂದು ಕೂತಿದ್ದಳು. ಮೂರನೆಯ ದಿನ ಅಪ್ಪ ಮಾತಾಡಿದ, ಆ ಸಂತೋಷವನ್ನು ಕೆಡಿಸಲು ಮನಸ್ಸಾಗಲಿಲ್ಲ. ಹೀಗೆ ಹದಿನೈದು ದಿನ ಕಳೆದ ಮೇಲೆ ಆ ಮಾತು ಎತ್ತುವುದಕ್ಕೆ ಬಾಯಿಯೇ ಇಲ್ಲದಂತಾಯಿತು.

ಅಪ್ಪ ಮನೆಗೆ ಬಂದ. ಕೋಲು ಹಿಡಿದು ನಡೆಯುವಷ್ಟಾದ. ನಾಲಿಗೆ ತುಸು ತೊದಲುತ್ತಿತ್ತು. ಆದರೆ ಅವನ ಪಾಲಿಗೆ ಎಡಗಡೆ ಎಂಬುದೇ ಇಲ್ಲವಾಗಿತ್ತು. ಕಣ್ಣು ಸರಿಯಿದೆ, ಮೆದುಳು ಆ ಕಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ ಎಂದಿದ್ದರು ಡಾಕ್ಟರು. ತಟ್ಟೆಯ ಬಲಭಾಗ ಮಾತ್ರ ಉಂಡು "ಇನ್ನೂ ಹಾಕು" ಅನ್ನುತ್ತಿದ್ದ. ಅಮ್ಮ ತಟ್ಟೆಯನ್ನು ಸುಮ್ಮನೆ ಅರ್ಧ ಸುತ್ತು ತಿರುಗಿಸಿಟ್ಟರೆ, "ಈಗ ಸರಿ" ಎಂದು ಉಣ್ಣುತ್ತಿದ್ದ. ಮುಖದ ಒಂದೇ ಪಕ್ಕ ಶೇವ್ ಮಾಡಿಕೊಂಡು ಬರುತ್ತಿದ್ದ. ಪೇಪರು ಓದುವಾಗ ಪ್ರತಿ ಸಾಲಿನ ಬಾಲ ಮಾತ್ರ ಓದಿ, "ಇದೇನು, ಯಾರು ಕಟ್ಟಿದ್ದು ಈ ಪುಟ, ಅರ್ಥವೇ ಆಗಲ್ಲ," ಎಂದು ಸಿಡುಕುತ್ತಿದ್ದ.

ಒಂದು ಬೆಳಗ್ಗೆ ಪುಟ್ಟಿ ಕೆಲಸಕ್ಕೆ ಹೊರಡುತ್ತಿದ್ದಾಗ ಅಪ್ಪ ಕರೆದ. "ನಿಮ್ಮಮ್ಮ ಎಲ್ಲಿ ಹೋದ್ಳು? ಬೆಳಗ್ಗಿಂದ ಒಂದು ಸಲಾನೂ ಇತ್ತ ತಲೆ ಹಾಕಿಲ್ಲ."

ಅಮ್ಮ ಅವನ ಎಡಗಡೆಯ ಸ್ಟೂಲಿನ ಮೇಲೆ ಕೂತಿದ್ದಳು. ಅವನ ಎಡಗೈ ಅವಳ ಎರಡೂ ಕೈಗಳ ನಡುವೆ ಇತ್ತು. ಅರ್ಧ ಗಂಟೆಯಿಂದ ಅವಳು ಅದರ ಬೆರಳುಗಳನ್ನು ಒಂದೊಂದಾಗಿ ನೀವುತ್ತಿದ್ದಳು.

ಅಮ್ಮ ಎದ್ದು, ಮಂಚದ ಹಿಂದಿನಿಂದ ಸುತ್ತಿ, ಬಲಗಡೆ ಬಂದು ನಿಂತಳು. "ಬಂದೆ ರೀ."

"ಎಲ್ಲಿ ಊರು ಸುತ್ತೋಕೆ ಹೋಗಿದ್ದೆ?"

"ಇಲ್ಲೇ ಅಂಗಡಿಗೆ."

"ಹೇಳಿ ಹೋಗೋಕೇನು?"

"ಇನ್ಮೇಲೆ ಹೇಳಿ ಹೋಗ್ತೀನಿ," ಎಂದಳು ಅಮ್ಮ, ಮತ್ತು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ನೀರಿನ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ.

ವ್ಯಾಯಾಮ ಮಾಡಿಸಲು ಬರುತ್ತಿದ್ದಾಕೆ, "ಎಡಗಡೆಯಿಂದಾನೇ ಮಾತಾಡಿಸ್ಬೇಕು, ಆಗ್ಲೇ ತಿರುಗೋಕೆ ಕಲೀತಾರೆ" ಎಂದು ಎಷ್ಟು ಹೇಳಿದರೂ ಅಮ್ಮ ಆ ಕಡೆ ಕೂರಲಿಲ್ಲ. "ನಲವತ್ತು ವರ್ಷ ಜೊತೆಗಿದ್ದು ಈಗ ಇಲ್ಲದೋಳ ಹಾಗೆ ಕೂರು ಅಂದ್ರೆ ನನ್ನಿಂದಾಗಲ್ಲ, ತಾಯಿ." ಎಡಗಡೆಯ ಕೆಲಸ ಪುಟ್ಟಿಯ ಪಾಲಿಗೆ ಬಂತು.

ಎರಡು ತಿಂಗಳಾದ ಮೇಲೆ ಅಪ್ಪನೇ ಕೇಳಿದ: "ಕಾಗದ ಎಲ್ಲಾ ಹಂಚಿ ಆಯ್ತಾ?" ಪುಟ್ಟಿಗೆ ಯಂತ್ರ ಮುಟ್ಟಲು ಕೈ ಬರುತ್ತಿರಲಿಲ್ಲ. ಅವನ ಬಲವಂತಕ್ಕೆ ತೆಗೆದಳು. ಆ ಸಲ ಯಾವ ಚೌಕ ಎಲ್ಲಿ ಎಂದು ವಾದ ಇರಲಿಲ್ಲ, ಒಂದರ ಮೇಲೊಂದೇ. ಪಕ್ಕಪಕ್ಕ ಇಟ್ಟರೆ ಅಪ್ಪನಿಗೆ ಆಟದ ಅರ್ಧವೇ ಇಲ್ಲ. ಮೇಲೆ ಕೆಳಗೆ ಇಟ್ಟರೆ ಎರಡರದೂ ಬಲ ಅರ್ಧವಾದರೂ ಸಿಗುತ್ತದೆ. ಇಡೀ ಚೌಕಟ್ಟಿನ ಎಡ ಅಂಚಿಗೆ ಮೇಲಿನಿಂದ ಕೆಳಗಿನವರೆಗೆ ಬೆರಳಗಲದ ಕೆಂಪು ಗೆರೆ ಹಾಕಿದಳು. ಅದು ವ್ಯಾಯಾಮದಾಕೆ ಹೇಳಿಕೊಟ್ಟ ಉಪಾಯ.

"ಕೆಂಪು ಗೆರೆ ಸಿಗೋವರೆಗೂ ಕಣ್ಣು ಸರಿಸ್ತಾ ಹೋಗು ಅಪ್ಪಾ. ಅದು ಸಿಕ್ತು ಅಂದ್ರೆ ಪುಟ ಪೂರ್ತಿ ಅಂತ."

"ಅಂಚು ಹುಡುಕೋದನ್ನ ನೀನು ನನಗೆ ಹೇಳಿಕೊಡ್ತೀಯಾ?" ಎಂದ ಅಪ್ಪ. ಆದರೆ ಹುಡುಕಿದ. ಕತ್ತು ತಿರುಗಿಸಿ ತಿರುಗಿಸಿ ಹಣೆಯಲ್ಲಿ ಬೆವರು ಬರುವವರೆಗೆ ಹುಡುಕಿದ. ಮೊದಲ ವಾರ ಸಿಗಲಿಲ್ಲ. ಮೂರನೆಯ ವಾರ ಎರಡು ಸಲ ಸಿಕ್ಕಿತು.

ನೋಡುವವರು ತಕರಾರು ತೆಗೆದರು. ಚಿತ್ರ ಇಷ್ಟು ಸಣ್ಣದೇಕೆ, ಎರಡೂ ಪಕ್ಕ ಕಪ್ಪು ಯಾಕೆ, ಆ ಹಾಳು ಕೆಂಪು ಗೆರೆ ಯಾಕೆ, ಮೊದಲಿನ ಹಾಗೇ ಮಾಡಿ. ಪುಟ್ಟಿ ಉತ್ತರ ಬರೆಯಲು ಕೂತು ನಾಲ್ಕು ಸಲ ಅಳಿಸಿ, ಕಡೆಗೆ "ಅಜ್ಜನಿಗೆ ಹೀಗಿದ್ದರೆ ಕಾಣುತ್ತದೆ" ಎಂದಷ್ಟೇ ಬರೆದಳು. ಅಜ್ಜನ ತೊದಲು ಕೇಳಿದವರಿಗೆ ಉಳಿದದ್ದು ತಿಳಿಯಿತು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಇಪ್ಪತ್ತೇಳನೆಯ ದ್ವೀಪದ ದಿನ ಅಪ್ಪ ಯಾರೂ ಹೇಳದೆ ತಾನೇ ಗೆರೆಯವರೆಗೆ ಹೋಗಿ, "ಓ, ಹಡಗು ಇಲ್ಲಿದೆಯೇನೇ!" ಎಂದ. ಪುಟ್ಟಿ ಚಪ್ಪಾಳೆ ತಟ್ಟಿದಳು. ಅವನು ನಗಲಿಲ್ಲ. ರೆಕಾರ್ಡಿಂಗ್ ನಿಲ್ಲಿಸು ಎಂದು ಸನ್ನೆ ಮಾಡಿದ. ನಿಲ್ಲಿಸಿದಳು.

"ಆವತ್ತು ನೀನು ತಮಾಷೆ ಅಂದ್ಕೊಂಡೆ, ಅಲ್ವಾ?"

"ಹೂಂ ಅಪ್ಪಾ."

"ನಾನೂ ಅಷ್ಟೇ ಕಣೇ. ನನಗೇನೋ ಆಗಿದೆ ಅಂತ ನನಗೂ ಅನ್ನಿಸ್ಲಿಲ್ಲ. ಪುಟ ಸರಿಯಿಲ್ಲ ಅಂತಾನೇ ಅಂದ್ಕೊಂಡಿದ್ದೆ." ಉಸಿರು ತೆಗೆದುಕೊಂಡ. "ಅದನ್ನ ತಲೆಗೆ ಹಚ್ಕೋಬೇಡ. ನಿಮ್ಮಮ್ಮನಿಗೂ ಹೇಳ್ಬೇಡ. ಒಂದು ನಿಮಿಷ ತಡ ಮಾಡ್ಲಿಲ್ಲ ಅಂತ ಅವಳಿಗೆ ಒಂದು ಸಮಾಧಾನ ಇದೆ. ಇರಲಿ ಬಿಡು."

ಪುಟ್ಟಿ ಅವನ ಎಡಗೈ ಮೇಲೆ ತಲೆಯಿಟ್ಟು ಅತ್ತಳು. ಆ ಕೈಯಲ್ಲಿ ಏನೋ ನಡೆಯುತ್ತಿದೆ ಎಂದು ಅವನಿಗೆ ಗೊತ್ತಾಗಲಿಲ್ಲ. "ಎಲ್ಲಿದೀಯೇ?" ಎಂದು ಬಲಗಡೆ ಹುಡುಕಿದ.

ಮೂವತ್ತನೆಯ ದ್ವೀಪ ಮುಗಿದ ವಾರ, ಬೆಳಗ್ಗೆ ಮುಖ ತೊಳೆಯಲು ಹೋದವನು ಅಲ್ಲೇ ಕುಸಿದ. ಈ ಸಲ ನಿಜವಾಗಿಯೂ ಒಂದು ನಿಮಿಷ ತಡ ಮಾಡಲಿಲ್ಲ. ಆದರೂ ಆಸ್ಪತ್ರೆಯ ಬಾಗಿಲು ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಆಮೇಲಿನ ದಿನಗಳಲ್ಲಿ ಅಮ್ಮ ಹಳೆಯ ರೆಕಾರ್ಡಿಂಗುಗಳನ್ನು ಕೇಳತೊಡಗಿದಳು. ಆಟ ಅವಳಿಗೆ ಬೇಕಿರಲಿಲ್ಲ. ಫೋನನ್ನು ಅಡುಗೆಕಟ್ಟೆಯ ಮೇಲೆ ಬೋರಲು ಹಾಕಿ, ತರಕಾರಿ ಹೆಚ್ಚುತ್ತಾ ಗಂಡನ ಗೊಣಗಾಟ ಕೇಳುತ್ತಿದ್ದಳು. ತೊದಲು ಶುರುವಾದ ಮೇಲಿನವನ್ನು ಹಾಕುತ್ತಿರಲಿಲ್ಲ. ಇಪ್ಪತ್ತೆರಡಕ್ಕೆ ನಿಲ್ಲಿಸಿ ಮತ್ತೆ ಒಂದರಿಂದ ಶುರುಮಾಡುತ್ತಿದ್ದಳು. ಹೀಗೆ ಮೂರು ಸುತ್ತು ಆದ ಮೇಲೆ ಒಂದು ಮಧ್ಯಾಹ್ನ ಪುಟ್ಟಿಯ ಕೋಣೆಗೆ ಬಂದಳು.

"ಆ ಭಾನುವಾರದ್ದು ನೀನು ಹಾಕೇ ಇಲ್ಲವಲ್ಲ. ಅವರು ಚೆನ್ನಾಗಿ ಮಾತಾಡಿದ್ದು ಅದೇ ಕೊನೆ. ಅದು ಇದೆ ತಾನೇ?"

"ಇದೆ."

"ಕೇಳ್ಬೇಕು."

"ಸ್ವಲ್ಪ ತಡಿ, ತೆಗೆದುಕೊಡ್ತೀನಿ," ಎಂದಳು ಪುಟ್ಟಿ. ಅಮ್ಮ ಹೊರಗೆ ಹೋದ ಮೇಲೆ ಮೊದಲ ಹದಿನೈದು ನಿಮಿಷವನ್ನು ಮಾತ್ರ ಕತ್ತರಿಸಿ ಬೇರೆಯಾಗಿ ಇಟ್ಟಳು. ಅದರ ಕೊನೆಯಲ್ಲಿ ಅಪ್ಪ ಹಡಗು ಮುಳುಗಿದ್ದಕ್ಕೆ ಹೊಟ್ಟೆ ಹಿಡಿದು ನಗುವುದಿತ್ತು. ಅಲ್ಲಿಗೆ ಮುಗಿಸಿದಳು. ಅಪ್ಪ ಹೇಳಿದಂತೆಯೇ ಮಾಡುತ್ತಿದ್ದೇನೆ ಎಂದು ಮನಸ್ಸಿಗೆ ಹೇಳಿಕೊಂಡಳು.

ಅಮ್ಮ ಕೇಳಿದಳು. ನಗುವ ಜಾಗದಲ್ಲಿ ತಾನೂ ನಕ್ಕು ಕಣ್ಣೊರೆಸಿಕೊಂಡಳು. ಧ್ವನಿ ನಿಂತಿತು.

"ಇಷ್ಟೇನಾ?"

"ಇಷ್ಟೇ ಅಮ್ಮಾ."

ಅಮ್ಮ ಫೋನನ್ನು ತಿರುಗಿಸಿ ನೋಡಿದಳು. "ನೀವು ಬಾಗಿಲು ಹಾಕ್ಕೊಂಡಿದ್ದು ಹತ್ತೂ ಕಾಲು ಆದ ಮೇಲೆ. ನಾನು ಚಹಾ ತಂದಿದ್ದು ಹನ್ನೊಂದೂ ಇಪ್ಪತ್ತು ದಾಟಿತ್ತು. ನನಗೆ ಕಂಪ್ಯೂಟರ್ ಬರಲ್ಲ, ಗಡಿಯಾರ ನೋಡೋಕೆ ಬರುತ್ತೆ."

ಅಮ್ಮ ಫೋನನ್ನು ಮಗಳ ಕಡೆ ಚಾಚಿದಳು.

"ಮಿಕ್ಕಿದ್ದು ಎಲ್ಲಿ?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಪುಟ್ಟಿ ಅಮ್ಮನನ್ನು ಅಪ್ಪನ ಕುರ್ಚಿಯಲ್ಲಿ ಕೂರಿಸಿ ಪೂರ್ತಿ ಹಾಕಿದಳು. ಕೋಣೆ ಬಿಟ್ಟು ಓಡಿಹೋಗಬೇಕೆನಿಸಿತು, ಹೋಗಲಿಲ್ಲ. ಸಮುದ್ರ ಕಾಣಿಸ್ತಿಲ್ಲ. ಈಗ? ಇಲ್ಲ. ಈಗ ಅಪ್ಪಾ? ಇಲ್ಲ. ಅವಳದೇ ಧ್ವನಿ, ಲವಲವಿಕೆಯ ಧ್ವನಿ, ನಗುವ ಧ್ವನಿ. ಅಮ್ಮ ಮೊದಮೊದಲು ಪರದೆಯನ್ನು ನೋಡುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿದಳು. "ಅಂಚಪ್ಪನೋರೇ, ಪರೀಕ್ಷೆ ಇಟ್ಟಿದೀರಾ" ಎಂಬಲ್ಲಿ ಸೆರಗನ್ನೋ ಏನನ್ನೋ ಹುಡುಕುವಂತೆ ಅವಳ ಕೈ ಮಡಿಲಲ್ಲಿ ತಡಕಾಡಿತು. ಕೊನೆಯಲ್ಲಿ ಬಾಗಿಲು ತೆರೆದ ಸದ್ದು, ರೀ, ಚಹಾ ತಗೊಳ್ಳಿ, ಲೋಟ ಬಿದ್ದ ಸದ್ದು. ಮುಗಿಯಿತು.

"ಕಾಣಿಸ್ತಿಲ್ಲ ಅಂದಾಗಿಂದ ಎಷ್ಟು ಹೊತ್ತು ಅದು?" ಎಂದಳು ಅಮ್ಮ.

"ನಲವತ್ತೇಳು ನಿಮಿಷ."

"ಡಾಕ್ಟರಿಗೆ ಹೇಳಿದ್ಯಾ?"

"ಆವತ್ತೇ ಹೇಳಿದ್ದೆ."

"ಅವರಿಗೆ ಗೊತ್ತಿತ್ತಾ?"

"ಅಪ್ಪನಿಗಾ? ಗೊತ್ತಿತ್ತು. ನಿನಗೆ ಹೇಳ್ಬೇಡ ಅಂದಿದ್ದ."

ಅಮ್ಮ ಎದ್ದಳು. "ಅಂದ್ರೆ ಗೊತ್ತಿಲ್ಲದೆ ಇದ್ದೋಳು ನಾನೊಬ್ಬಳೇ. ಬಂದೋರಿಗೆಲ್ಲ ಹೇಳ್ಕೊಂಡು ಕೂತಿದ್ದೆ. ನೀವಿಬ್ಬರೂ ಒಳಗೆ ಕೂತು ಕೇಳಿಸ್ಕೊಳ್ತಿದ್ರಿ."

"ಅಮ್ಮಾ, ನಿನಗೆ ನೋವಾಗ್ಬಾರ್ದು ಅಂತ..."

"ಗೊತ್ತಾಯ್ತು ಬಿಡು."

ಬೈಯಲಿಲ್ಲ, ಅಳಲಿಲ್ಲ. ಮಾರನೆಯ ದಿನ ಒಂದು ಚೀಲಕ್ಕೆ ನಾಲ್ಕು ಬಟ್ಟೆ ತುಂಬಿಕೊಂಡು ತಂಗಿಯ ಮನೆಗೆ ಹೋಗಿಬರುತ್ತೇನೆಂದು ಹೊರಟಳು. ಪುಟ್ಟಿ ರೈಲು ಹತ್ತಿಸಲು ಬರುತ್ತೇನೆ ಎಂದರೆ, "ನನಗೆ ದಾರಿ ಗೊತ್ತು," ಎಂದಳು.

ಮೂರು ವಾರ ಬರಲಿಲ್ಲ. ಚಿಕ್ಕಮ್ಮ ಫೋನ್ ಮಾಡಿ ಚೆನ್ನಾಗಿದ್ದಾಳೆ ಎನ್ನುತ್ತಿದ್ದಳು, ಅಮ್ಮ ಮಾತಾಡುತ್ತಿರಲಿಲ್ಲ. ಪುಟ್ಟಿ ಅಂಗಡಿಗೆ ಹೋದಳು, ಬಂದಳು, ಬ್ರೆಡ್ಡು ತಿಂದು ಮಲಗಿದಳು. ಮೊದಲ ಭಾನುವಾರ ಸುಮ್ಮನೆ ಗೋಡೆ ನೋಡಿದಳು. ಎರಡನೆಯ ಭಾನುವಾರ ಯಂತ್ರ ತೆರೆದಳು. ಇನ್ನು ಎರಡು ದ್ವೀಪ ಉಳಿದಿದ್ದವು.

ಚೌಕಗಳನ್ನು ಹೇಗೆ ಬೇಕಾದರೂ ಇಡಬಹುದಿತ್ತು. ಯಾರೂ ಬೇಡ ಅನ್ನುವವರಿಲ್ಲ, ಯಾರಿಗೂ ಗೆರೆ ಬೇಕಿಲ್ಲ. ಆ ಸ್ವಾತಂತ್ರ್ಯವೇ ಅವಳ ಉಸಿರು ಕಟ್ಟಿಸಿತು. ಮೇಲೆ ಕೆಳಗೆ ಇಟ್ಟಳು. ಅದು ಕಾಯಿಲೆಯ ಅಪ್ಪನದು. ಒಂದು ದೊಡ್ಡದು ಒಂದು ಚಿಕ್ಕದು ಮಾಡಿದಳು. ನಕ್ಷೆಯ ಅಕ್ಷರ ಅಳಿಸಿಹೋದಂತಾಯಿತು. ಒಂದು ಗಂಟೆ ಹಾಗೇ ಕಳೆಯಿತು. ಕಡೆಗೆ ಪಕ್ಕಪಕ್ಕ ಇಟ್ಟಳು, ಸಮುದ್ರ ಎಡಕ್ಕೆ, ನಕ್ಷೆ ಬಲಕ್ಕೆ. ಅದು ಅಪ್ಪ ಗಟ್ಟಿಯಾಗಿದ್ದಾಗ, ತನ್ನ ಕಸುಬಿನ ತಿಳಿವಿನಿಂದ ಆರಿಸಿದ್ದು. ನೋಡಿದರೆ ಸರಿಯಾಗಿಯೇ ಇತ್ತು. ಕಣ್ಣಿಗೆ ದಾರಿ ಸಲೀಸಾಗಿತ್ತು. ತಪ್ಪು ಪುಟದಲ್ಲಿರಲಿಲ್ಲ ಎಂಬುದು ಆಗ ಅವಳಿಗೆ ಮತ್ತೊಮ್ಮೆ, ಮೊದಲ ಸಲದಷ್ಟೇ ಜೋರಾಗಿ ತಾಗಿತು. ಮಾತಿಲ್ಲದೆ ಎರಡೂ ದ್ವೀಪ ಆಡಿ ಮುಗಿಸಿ ಇಂಟರ್ನೆಟ್ಟಿಗೆ ಹಾಕಿದಳು. ಕೆಳಗೆ ಒಂದೂ ಪ್ರಶ್ನೆ ಬರಲಿಲ್ಲ. ಎಷ್ಟೋ ಜನ ಬರಿಯ ಒಂದು ದೀಪದ ಚಿತ್ರ ಹಾಕಿ ಹೋಗಿದ್ದರು.

ಅಮ್ಮ ಒಂದು ಬುಧವಾರ ಮಧ್ಯಾಹ್ನ ವಾಪಸು ಬಂದಳು. ಪುಟ್ಟಿ ಸಂಜೆ ಮನೆಗೆ ಬಂದಾಗ ಪಾತ್ರೆಗಳೆಲ್ಲ ತೊಳೆದು ಬೋರಲಿಟ್ಟಿದ್ದವು, ಕಿಟಕಿ ತೆರೆದಿತ್ತು, ಅಮ್ಮ ಒಣಗಿದ ಬಟ್ಟೆಯ ರಾಶಿಯ ಮುಂದೆ ಕೂತಿದ್ದಳು.

"ಮನೇನಾ ಇದು, ಗುಜರಿ ಅಂಗಡಿನಾ? ಮೂರು ವಾರ ಕಸ ಗುಡಿಸಿಲ್ಲ."

"ಗುಡಿಸಿದ್ದೆ."

"ಯಾವ ಕಣ್ಣಲ್ಲಿ ನೋಡಿ ಗುಡಿಸಿದ್ಯೋ."

ಪುಟ್ಟಿ ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತಳು. ಅಮ್ಮ ಒಂದು ಟವೆಲು ಮಡಚಿದಳು, ಇನ್ನೊಂದು ಮಡಚಿದಳು.

"ಕೋಪ ಹೋಗಿಲ್ಲ ನನಗೆ," ಎಂದಳು, ಬಟ್ಟೆಯಿಂದ ಕಣ್ಣೆತ್ತದೆ. "ತಡ ಆಗಿದ್ದಕ್ಕಲ್ಲ. ನಾನಿದ್ರೂ ಅವರು ತಮಾಷೆ ಮಾಡ್ತಿದ್ದಾರೆ ಅಂತಾನೇ ಅಂದ್ಕೊಳ್ತಿದ್ನೇನೋ. ಏಳು ತಿಂಗಳು 'ಅಮ್ಮಾ, ಹೀಗಾಯ್ತು' ಅನ್ನೋ ಒಂದು ಮಾತು ನಿನ್ನ ಬಾಯಲ್ಲಿ ಬರ್ಲಿಲ್ವಲ್ಲ, ಅದಕ್ಕೆ. ಅವರ ಮೇಲೂ ಕೋಪ ಇದೆ. ಅವರನ್ನ ಎಲ್ಲಿ ಹೋಗಿ ಕೇಳಲಿ?"

"ಚಿಕ್ಕಮ್ಮನ ಮನೇಲಿ ಇನ್ನೂ ಸ್ವಲ್ಪ ದಿನ ಇರ್ಬಹುದಿತ್ತು," ಎಂದಳು ಪುಟ್ಟಿ, ಏನು ಹೇಳಬೇಕೆಂದು ತಿಳಿಯದೆ.

"ಅವಳದು ಒಂದೂವರೆ ಕೋಣೆ. ಅಲ್ಲಿ ಕೂತು ಕೋಪ ಮಾಡ್ಕೊಳ್ಳೋಕೂ ಜಾಗ ಇಲ್ಲ. ಅವಳ ಗಂಡ ಬೇರೆ ಹೊತ್ತುಹೊತ್ತಿಗೆ ಬಂದು ಸಮಾಧಾನ ಹೇಳ್ತಾನೆ." ಅಮ್ಮನ ತುಟಿ ಒಂದು ಕ್ಷಣ ಅಲುಗಿತು, ನಗುವೋ ಅಳುವೋ ಹೇಳಲಾಗದಂತೆ. "ಇಲ್ಲಾದ್ರೆ ನನ್ನ ಮನೆ."

ಅಷ್ಟು ಹೇಳಿ ರಾಶಿಯಿಂದ ದೊಡ್ಡ ಹಾಸಿಗೆ ಹೊದಿಕೆಯೊಂದನ್ನು ಎಳೆದಳು. ಒಬ್ಬಳೇ ಮಡಚಲು ಹೋಗಿ ಆಗದೆ ಒಂದು ಬದಿಯ ತುದಿಗಳನ್ನು ಮಗಳ ಕಡೆ ಎಸೆದಳು. ಪುಟ್ಟಿ ಹಿಡಿದುಕೊಂಡಳು. ಇಬ್ಬರೂ ಹಿಂದಕ್ಕೆ ಸರಿದು ಬಿಗಿಯಾಗಿ ಎಳೆದರು, ಕೊಡವಿದರು.

"ಸರಿಯಾಗಿ ಹಿಡಿ," ಎಂದಳು ಅಮ್ಮ. "ಆಮೇಲೆ ಅನ್ನಕ್ಕಿಡು. ನಾನು ಬೆಳಗ್ಗಿಂದ ಏನೂ ತಿಂದಿಲ್ಲ."